ಹಸುಳೆಯ ಕಿವಿಗೂ ಒಂದು ವರ್ಗಾವಣೆ ಪತ್ರ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನನ್ನ ವೃತ್ತಿಗೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನನಗೆ ಮೊದಲು ನೆನಪಾದುದು ಶಾಲಾ ಕಚೇರಿಯ ಮೂಲೆಯಲ್ಲಿದ್ದ ಹಸಿರು ಬಣ್ಣದ ಕಬ್ಬಿಣದ ಬೀರು. ನಾನು ಮೂರನೆಯ ತರಗತಿಗೆ ಈ ಶಾಲೆಯನ್ನು ಸೇರಿದವನು. ಅದಕ್ಕೆ ಮುಂಚೆ ಚಾಮರಾಜನಗರದ ಕಡೆ ಅಜ್ಜನ ಊರಿನಲ್ಲಿ ಓದುತ್ತಿದ್ದೆ. ಅಲ್ಲಿಂದ ನನ್ನ ವರ್ಗಾವಣೆ ಪತ್ರ ಬರುವುದು ತಡವಾದುದರಿಂದ ಹನ್ನೆರಡು ದಿನಗಳ ಕಾಲ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ಪತ್ರ ಬಂದ ದಿನ ಮೇಷ್ಟ್ರು ನನ್ನ ಹೆಸರನ್ನು ಕೂಗಿದರು; ಅಂದಿನಿಂದ ನಾನು ಶಾಲೆಯವನಾದೆ. ಮಗು ಊರು ಬದಲಾಯಿಸಿದರೆ ಅದರ ಓದಿನ ವಿವರ ಅದರ ಹಿಂದೆಯೇ ಬರಬೇಕೆಂಬ ಈ ಸರಳವಾದ ಏರ್ಪಾಡು ಎಷ್ಟು ದೊಡ್ಡದೆಂದು ಆಗ ತಿಳಿದಿರಲಿಲ್ಲ. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಶಾಸ್ತ್ರವನ್ನು ಓದಿ, ಮತ್ತೆ ಪೀಳಮೇಡಿಗೇ ಬಂದು ಶ್ರವಣ ತಜ್ಞನಾಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಅದರ ಬೆಲೆ ತಿಳಿಯುತ್ತಿದೆ.

ನಾನು ಇಲ್ಲಿ ಹೇಳಹೊರಟಿರುವುದು ಹುಟ್ಟಿನಿಂದಲೇ ಕಿವಿ ಕೇಳಿಸದ ಶಿಶುಗಳ ವಿಚಾರ. ಅದರಲ್ಲೂ ಅವುಗಳನ್ನು ಕುರಿತ ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ಹೇಗೆ ಸಾಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬ ವಿಚಾರ. ಓದಲು ಇದು ಕಚೇರಿಯ ಕಡತದ ಮಾತಿನಂತೆ ಕಾಣಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಸಾವಿರ ಶಿಶುಗಳು ಜನಿಸಿದರೆ ಅವುಗಳಲ್ಲಿ ಒಂದೆರಡಕ್ಕಾದರೂ ಎರಡೂ ಕಿವಿಗಳಲ್ಲಿ ಗಣನೀಯವಾದ ಶ್ರವಣದೋಷವಿರುತ್ತದೆ. ಆ ಶಿಶುವನ್ನು ನೋಡಿ ಯಾರೂ ಇದನ್ನು ಹೇಳಲಾರರು. ಅದು ಅಳುತ್ತದೆ, ನಗುತ್ತದೆ, ಮೂರು ನಾಲ್ಕು ತಿಂಗಳಿಗೆ ಗುಟುರು ಹಾಕುತ್ತದೆ. ಅಜ್ಜಿಯರು ಹಿಂದಿನಿಂದ ತಟ್ಟೆ ಬಾರಿಸಿ, ಚಪ್ಪಾಳೆ ತಟ್ಟಿ ನೋಡುತ್ತಾರೆ; ಮಗು ತಿರುಗುತ್ತದೆ. ನೆರಳು ಆಡಿದುದಕ್ಕೋ, ಗಾಳಿ ಸುಳಿದುದಕ್ಕೋ, ನೆಲ ಅದುರಿದುದಕ್ಕೋ ತಿರುಗಿತೆಂಬುದು ಮನೆಯವರಿಗೆ ತಿಳಿಯುವುದಿಲ್ಲ. ಎರಡು ವರ್ಷವಾದರೂ ಮಾತು ಬಾರದಿದ್ದಾಗ, "ಇವರ ಅಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಇನ್ನೊಂದು ವರ್ಷ ಕಳೆಯುತ್ತದೆ. ನಾನು ವೃತ್ತಿಗೆ ಬಂದ ಕಾಲದಲ್ಲಿ ನನ್ನ ಬಳಿಗೆ ಮೊದಲ ಸಲ ಬರುತ್ತಿದ್ದ ಮಕ್ಕಳಿಗೆ ಬಹುಮಟ್ಟಿಗೆ ಮೂರು ನಾಲ್ಕು ವರ್ಷ ತುಂಬಿರುತ್ತಿತ್ತು.

ಈ ಮೂರು ನಾಲ್ಕು ವರ್ಷಗಳೇ ಭಾಷೆಯ ವರ್ಷಗಳು. ಶಿಶುವಿನ ಒಳಗಿವಿ ತಾಯಿಯ ಗರ್ಭದಲ್ಲಿರುವಾಗಲೇ ಕೆಲಸವನ್ನು ಆರಂಭಿಸುತ್ತದೆ. ಹುಟ್ಟುವ ಹೊತ್ತಿಗೆ ಅದು ತಾಯಿಯ ದನಿಯನ್ನು ಎರಡು ಮೂರು ತಿಂಗಳು ಕೇಳಿರುತ್ತದೆ. ಮಿದುಳಿನಲ್ಲಿ ಶಬ್ದಕ್ಕೆಂದು ಮೀಸಲಾದ ಭಾಗವು ಮೊದಲ ವರ್ಷಗಳಲ್ಲಿ ಶಬ್ದವನ್ನು ಕಾಣದಿದ್ದರೆ ಬೇರೆ ಕೆಲಸಗಳಿಗೆ ಒಗ್ಗಿಬಿಡುತ್ತದೆ. ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ ಕ್ರಿಸ್ಟೀನ್ ಯೋಶಿನಾಗ ಇಟಾನೋ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ವೃತ್ತಿಯ ದಿಕ್ಕನ್ನೇ ಬದಲಾಯಿಸಿತು. ಆರು ತಿಂಗಳೊಳಗೆ ದೋಷವು ಪತ್ತೆಯಾಗಿ ನೆರವು ದೊರೆತ ಮಕ್ಕಳ ಭಾಷೆಯು, ಅನಂತರ ಪತ್ತೆಯಾದ ಮಕ್ಕಳಿಗಿಂತ ಸ್ಪಷ್ಟವಾಗಿ ಮುಂದಿತ್ತು. ಅಲ್ಲಿಂದ ಮುಂದೆ 1-3-6 ಎಂಬ ಸೂತ್ರವು ಬಳಕೆಗೆ ಬಂದಿತು: ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಹಾಗೂ ತರಬೇತಿಯ ಆರಂಭ. ಈ ಗುರಿಯನ್ನು ಮುಟ್ಟಿದವರು 1-2-3ಕ್ಕೆ ಪ್ರಯತ್ನಿಸಬೇಕೆಂದು ಅಲ್ಲಿನ ತಜ್ಞರ ಜಂಟಿ ಸಮಿತಿಯು 2019ರಲ್ಲಿ ಸಲಹೆಯಿತ್ತಿದೆ.

ತಪಾಸಣೆ ಕಷ್ಟವೇನಲ್ಲ. ಕಾಕ್ಲಿಯ ಎಂದು ಕರೆಯುವ ಶಂಖದಾಕಾರದ ಒಳಗಿವಿಯಲ್ಲಿ ಸೂಕ್ಷ್ಮವಾದ ರೋಮಕೋಶಗಳಿವೆ. ಅವು ಶಬ್ದವನ್ನು ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಶಬ್ದ ಬಿದ್ದಾಗ ತಾವೂ ಅತಿ ಕ್ಷೀಣವಾದ ಶಬ್ದವೊಂದನ್ನು ಹೊರಡಿಸುತ್ತವೆ. ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ 1978ರಲ್ಲಿ ಇದನ್ನು ತೋರಿಸಿಕೊಟ್ಟಾಗ ಹಲವರು ನಂಬಲಿಲ್ಲವಂತೆ. ಮಲಗಿರುವ ಕೂಸಿನ ಕಿವಿಯಲ್ಲಿ ಮೆತ್ತನೆಯ ತುದಿಯೊಂದನ್ನು ಇಟ್ಟು, ಶಬ್ದವನ್ನು ಕಳುಹಿಸಿ, ಮರಳಿ ಬರುವ ಆ ಸಣ್ಣ ದನಿಯನ್ನು ಅಳೆಯುವುದೇ ಓ.ಎ.ಇ. ಪರೀಕ್ಷೆ. ಕೂಸು ನಿದ್ರಿಸುತ್ತಿದ್ದರೆ ಕೆಲವೇ ನಿಮಿಷಗಳ ಕೆಲಸ. ಯಂತ್ರವು "ಪಾಸ್" ಅಥವಾ "ರೆಫರ್" ಎಂದು ಹೇಳುತ್ತದೆ. "ರೆಫರ್" ಎಂದರೆ ಕಿವುಡು ಎಂದರ್ಥವಲ್ಲ. ಹುಟ್ಟಿದ ಮೊದಲ ದಿನ ಕಿವಿಯಲ್ಲಿ ದ್ರವವೋ ಜಿಡ್ಡೋ ಉಳಿದಿದ್ದರೂ ಹಾಗೆ ಬರುತ್ತದೆ. ಮತ್ತೊಮ್ಮೆ ಪರೀಕ್ಷಿಸಬೇಕು, ಅಷ್ಟೇ. ಆಗಲೂ ಹಾಗೆಯೇ ಬಂದರೆ ಬೇರಾ ಪರೀಕ್ಷೆಯನ್ನು ಮಾಡಿ, ಶಬ್ದವು ನರದ ಮೂಲಕ ಮಿದುಳಿನ ಕಾಂಡದವರೆಗೆ ತಲುಪುತ್ತಿದೆಯೇ ಎಂದು ನೋಡುತ್ತೇವೆ. ತೀವ್ರ ನಿಗಾ ಘಟಕದಲ್ಲಿದ್ದ ಶಿಶುಗಳಿಗೆ ಮೊದಲೇ ನರದ ಪರೀಕ್ಷೆ ಆಗಬೇಕು. ಏಕೆಂದರೆ ಕೆಲವರಲ್ಲಿ ಒಳಗಿವಿ ಸರಿಯಾಗಿದ್ದು ನರದಲ್ಲಿ ದೋಷವಿರುತ್ತದೆ, ಅಂಥವರು ಓ.ಎ.ಇ. ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಾರೆ.

ಹೀಗೆ ಒಂದು ಮಗು ಪರೀಕ್ಷೆಯಿಂದ ಮಾತಿನವರೆಗೆ ಬರಬೇಕಾದರೆ ಹೆರಿಗೆ ಆಸ್ಪತ್ರೆ, ಮಕ್ಕಳ ವೈದ್ಯರು, ಶ್ರವಣ ತಜ್ಞರು, ಶ್ರವಣ ಸಾಧನವನ್ನು ಕೊಡುವವರು, ತರಬೇತಿ ಕೇಂದ್ರ, ಕೊನೆಗೆ ಶಾಲೆ, ಇಷ್ಟು ಜನರ ಕೈ ದಾಟಬೇಕು. ಯಂತ್ರಗಳು ಕೆಡುವುದು ಅಪರೂಪ. ಮಕ್ಕಳು ಕೈತಪ್ಪುವುದು ಒಂದು ಕೈಗೂ ಇನ್ನೊಂದು ಕೈಗೂ ನಡುವೆ.

ನನ್ನ ಅನುಭವಕ್ಕೆ ಬಂದ ಒಂದು ಪ್ರಸಂಗವನ್ನು ಹೇಳುತ್ತೇನೆ. ಊರು, ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಪೀಳಮೇಡಿನ ಕನ್ನಡ ಮನೆತನವೊಂದರ ಸೊಸೆ ಚೊಚ್ಚಲ ಹೆರಿಗೆಗೆಂದು ಕರ್ನಾಟಕದ ತವರಿಗೆ ಹೋದಳು. ನಮ್ಮಲ್ಲಿ ಇದು ವಾಡಿಕೆ. ಸತ್ಯಮಂಗಲ, ಬಣ್ಣಾರಿಗಳನ್ನು ಹಾದು ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಹೋಗುವ ಬಸುರಿಯರನ್ನೂ, ಕೂಸನ್ನೆತ್ತಿಕೊಂಡು ಇಳಿದು ಬರುವ ಬಾಣಂತಿಯರನ್ನೂ ಆ ಬಸ್ಸುಗಳು ಎಷ್ಟು ಕಂಡಿವೆಯೋ! ಹೆಣ್ಣು ಮಗು ಹುಟ್ಟಿತು. ಎರಡನೆಯ ದಿನ ಆಸ್ಪತ್ರೆಯಲ್ಲಿ ಕಿವಿಯ ತಪಾಸಣೆಯಾಯಿತು. ಒಂದು ಸಣ್ಣ ಚೀಟಿಯಲ್ಲಿ "ಎರಡೂ ಕಿವಿ ರೆಫರ್, ಆರು ವಾರಗಳ ಬಳಿಕ ಮರುಪರೀಕ್ಷೆ" ಎಂದು ಬರೆದು ಕೊಟ್ಟರು. ಬಾಣಂತನ, ನಾಮಕರಣ, ನೆಂಟರು ಇವುಗಳ ನಡುವೆ ಚೀಟಿಯು ಸೀರೆಯ ಪೆಟ್ಟಿಗೆಯನ್ನು ಸೇರಿತು. ಐದನೆಯ ತಿಂಗಳಲ್ಲಿ ತಾಯಿ ಮಗು ಇಲ್ಲಿಗೆ ಬಂದರು. ಇಲ್ಲಿನ ವೈದ್ಯರು ಲಸಿಕೆಗಳನ್ನು ತಪ್ಪದೆ ಹಾಕಿದರು, ತೂಕ ನೋಡಿದರು. ಕಿವಿಯ ಮಾತು ಲಸಿಕೆಯ ಕಾರ್ಡಿನಲ್ಲಿ ಇರಲಿಲ್ಲ. ಆದ್ದರಿಂದ ಅವರು ಕೇಳಲಿಲ್ಲ.

ಮಗುವನ್ನು ನನ್ನ ಬಳಿಗೆ ಕರೆತಂದಾಗ ಅದಕ್ಕೆ ಹದಿನೇಳು ತಿಂಗಳು. "ಚಪ್ಪಾಳೆ ತಟ್ಟಿದರೆ ತಿರುಗ್ತಾಳೆ ಸಾರ್, ಇವರು ಸುಮ್ಮನೆ ಹೆದರ್ತಾರೆ" ಎಂದು ಅಜ್ಜಿ ನನಗೇ ಧೈರ್ಯ ಹೇಳಿದರು. ಪರೀಕ್ಷೆಯಲ್ಲಿ ಎರಡೂ ಕಿವಿಗಳಲ್ಲಿ ಅತಿ ತೀವ್ರವಾದ ದೋಷ ಕಂಡುಬಂದಿತು. ಹುಟ್ಟಿದಾಗ ಪರೀಕ್ಷೆ ಮಾಡಿದ್ದರೇ ಎಂದು ಕೇಳಿದೆ. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಮ್ಮನಿಗೆ ಫೋನು ಮಾಡಿ ಪೆಟ್ಟಿಗೆಯನ್ನು ತೆರೆಸಿದಳು.

ಆ ಆಸ್ಪತ್ರೆಯವರನ್ನು ನಾನು ಆಮೇಲೆ ವಿಚಾರಿಸಿದೆ. ಅವರ ರಿಜಿಸ್ಟರಿನಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಎರಡು ಸಲ ದೂರವಾಣಿಯಲ್ಲಿ ಕರೆದಿದ್ದರು. ಅಲ್ಲಿ ಬರೆದಿದ್ದುದು ತವರಿನ ಹಳೆಯ ನಂಬರು. "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆದು ಮುಗಿಸಿದ್ದರು. ಅವರ ಲೆಕ್ಕದಲ್ಲಿ ಈ ಮಗು "ಕೈತಪ್ಪಿದ ಮಗು". ನನ್ನ ಲೆಕ್ಕದಲ್ಲಿ ಅದೇ ಮಗು "ತಡವಾಗಿ ಪತ್ತೆಯಾದ ಹೊಸ ಮಗು". ಒಂದೇ ಕೂಸು ಎರಡು ರಾಜ್ಯಗಳ ಎರಡು ಪಟ್ಟಿಗಳಲ್ಲಿ ಎರಡು ಹೆಸರಿನಲ್ಲಿ ಇತ್ತು. ನಡುವಿನ ಹದಿನೈದು ತಿಂಗಳು ಯಾರ ಪಟ್ಟಿಯಲ್ಲೂ ಇರಲಿಲ್ಲ. ಯಾರನ್ನು ದೂರೋಣ? ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಮಾಡಿದ್ದರು.

ಇದು ಬಡ ದೇಶದ ಕಥೆ ಎಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ ಇಂದು ನೂರಕ್ಕೆ 95ಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ತಪಾಸಣೆಯಾಗುತ್ತದೆ. ಆದರೂ, ತಪಾಸಣೆಯಲ್ಲಿ ಪಾಸಾಗದ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಂದೇನಾದವೆಂಬುದು 2005ರ ಸುಮಾರಿಗೆ ಅಲ್ಲಿನ ಸರ್ಕಾರಕ್ಕೇ ತಿಳಿದಿರಲಿಲ್ಲ. 2012ರ ವೇಳೆಗೆ ಅದು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಇವರಲ್ಲಿ ಎರಡು ಬಗೆ. ನಿಜವಾಗಿಯೇ ಮುಂದಿನ ಪರೀಕ್ಷೆಗೆ ಹೋಗದವರು ಕೆಲವರು. ಎಲ್ಲಿಯೋ ನೆರವನ್ನು ಪಡೆಯುತ್ತಿದ್ದರೂ ಆ ಸುದ್ದಿ ಮೊದಲ ಪಟ್ಟಿಗೆ ಮರಳಿ ಬಾರದೆ ಕಾಣೆಯಾದವರು ಉಳಿದವರು. ಕಾರಣವೂ ಸ್ವಾರಸ್ಯವಾಗಿದೆ. ಅಲ್ಲಿ ತಪಾಸಣೆಯ ಪಟ್ಟಿಯನ್ನು ಇಟ್ಟುಕೊಳ್ಳುವುದು ಆರೋಗ್ಯ ಇಲಾಖೆ. ಮೂರು ವರ್ಷದೊಳಗಿನ ಮಕ್ಕಳಿಗೆ ತರಬೇತಿ ಕೊಡುವ ವ್ಯವಸ್ಥೆಯು 1986ರಿಂದ ಶಿಕ್ಷಣ ಸಂಬಂಧದ ಕಾನೂನಿನ ಅಡಿಯಲ್ಲಿದೆ. ಆರೋಗ್ಯದ ಕಡೆಯವರು ಮಗುವನ್ನು ತರಬೇತಿಗೆ ಕಳುಹಿಸಬಹುದು; ಆದರೆ ತರಬೇತಿಯ ಕಡೆಯವರು "ಮಗು ಬಂದಿದೆ, ಇಂಥ ದಿನ ಆರಂಭವಾಯಿತು" ಎಂದು ಹೆಸರು ಹಿಡಿದು ಮರಳಿ ತಿಳಿಸಬೇಕಾದರೆ ಸಾಮಾನ್ಯವಾಗಿ ತಂದೆತಾಯಿಯರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಯನ್ನು ಕೇಳುವವರು ಯಾರು, ಯಾವಾಗ, ಯಾವ ನಮೂನೆಯಲ್ಲಿ ಎಂದು ತೀರ್ಮಾನಿಸಲು ಅಲ್ಲಿನ ರಾಜ್ಯಗಳಿಗೆ ವರ್ಷಗಳೇ ಹಿಡಿದವು. ಮೊದಲ ಭೇಟಿಯಲ್ಲಿಯೇ ಒಂದು ಸಹಿಯನ್ನು ಪಡೆದ ಕಡೆಗಳಲ್ಲಿ ಕೆಲಸ ಹಗುರವಾಯಿತು.

ನಮ್ಮ ದೇಶದಲ್ಲಿಯೂ ಕಟ್ಟಡಗಳು ಎದ್ದಿವೆ, ಸೇತುವೆಗಳು ಇನ್ನೂ ಏಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಆರಂಭವಾಯಿತು. ನನ್ನ ವಿದ್ಯಾಗುರುಗಳ ಆ ಸಂಸ್ಥೆಯವರು ಈಗ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆಯನ್ನು ನಡೆಸುತ್ತಾರೆ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಗ್ರಾಮಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಸೇವಾಕೇಂದ್ರಗಳನ್ನು ತೆರೆದಿದ್ದಾರೆ. ಗುಂಬಳ್ಳಿ ಇರುವುದು ನಮ್ಮ ಘಟ್ಟದ ಆಚೆಯ ಯಳಂದೂರು ತಾಲ್ಲೂಕಿನಲ್ಲಿ. ಕೇಂದ್ರ ಸರ್ಕಾರದ ಕಿವುಡುತನ ತಡೆಗಟ್ಟುವಿಕೆ ಮತ್ತು ನಿಯಂತ್ರಣ ಕಾರ್ಯಕ್ರಮವು 2006-07ರಲ್ಲಿ 10 ರಾಜ್ಯಗಳು ಹಾಗೂ ಒಂದು ಕೇಂದ್ರಾಡಳಿತ ಪ್ರದೇಶದ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಮೊದಲಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಹೆರಿಗೆ ಆಸ್ಪತ್ರೆ, ಅಂಗನವಾಡಿ, ಶಾಲೆಗಳಲ್ಲಿ ಪರೀಕ್ಷಿಸಿ, ದೋಷ ಕಂಡವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವ ಯೋಜನೆ. ಹುಟ್ಟು ಕಿವುಡು ಆ ಪಟ್ಟಿಯಲ್ಲಿದೆ.

ಸಂಖ್ಯೆಗಳಿಗೂ ಕೊರತೆಯಿಲ್ಲ. ತಮಿಳುನಾಡಿನಲ್ಲಿ ಗರ್ಭಿಣಿಗೆ ಕೊಡುವ ಪಿಕ್ಮಿ ನೋಂದಣಿ ಸಂಖ್ಯೆಯನ್ನು ಮಗುವಿನ ಜನನ ಪತ್ರಕ್ಕೂ ಕೇಳುತ್ತಾರೆ. ಕರ್ನಾಟಕದಲ್ಲಿ ತಾಯಿ ಕಾರ್ಡಿದೆ, ಅದಕ್ಕೂ ಸಂಖ್ಯೆಯಿದೆ. 2021ರಿಂದ ಆಯುಷ್ಮಾನ್ ಭಾರತ ಡಿಜಿಟಲ್ ಯೋಜನೆಯ ಆಭಾ ಸಂಖ್ಯೆ ದೇಶಕ್ಕೆಲ್ಲ ಒಂದೇ ಆಗಿ ಬಂದಿದೆ. ಆದರೆ ಕಿವಿಯ ತಪಾಸಣೆಯ ಚೀಟಿಯ ಮೇಲೆ ಇವುಗಳಲ್ಲಿ ಒಂದನ್ನಾದರೂ ಬರೆದಿರುವುದನ್ನು ನಾನು ಕಂಡಿರುವುದು ಬೆರಳೆಣಿಕೆಯಷ್ಟು. ಚೀಟಿಯ ಮೇಲೆ "ಇಂಥವರ ಮಗು" ಎಂದಷ್ಟೇ ಇರುತ್ತದೆ. ನಾಮಕರಣವಾದ ಮೇಲೆ ಆ ಹೆಸರಿನ ಮಗುವೇ ಇರುವುದಿಲ್ಲವಲ್ಲ!

ಹತ್ತಿರದಲ್ಲಿಯೇ ಒಂದು ಒಳ್ಳೆಯ ಉದಾಹರಣೆಯಿದೆ. ಕೊಚ್ಚಿಯಲ್ಲಿ ಭಾರತೀಯ ಮಕ್ಕಳ ವೈದ್ಯರ ಸಂಘದ ಶಾಖೆಯವರು ಡಾ. ಅಬ್ರಹಾಂ ಪಾಲ್ ಅವರ ನೇತೃತ್ವದಲ್ಲಿ 2003ರಲ್ಲಿ ಕೇಂದ್ರೀಕೃತ ತಪಾಸಣೆಯೊಂದನ್ನು ಆರಂಭಿಸಿದರು. ಪ್ರತಿ ಆಸ್ಪತ್ರೆಯೂ ಯಂತ್ರವನ್ನು ಕೊಳ್ಳುವ ಬದಲು, ತರಬೇತಿ ಪಡೆದವರು ಯಂತ್ರವನ್ನು ಹೊತ್ತು ನಿಗದಿಯಾದ ದಿನಗಳಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ಏರ್ಪಾಡು. ಹಣದ ಉಳಿತಾಯವನ್ನೇ ಎಲ್ಲರೂ ಮೆಚ್ಚಿದರು. ಅದರ ಇನ್ನೊಂದು ಗುಣ ನನಗೆ ಹೆಚ್ಚು ಮುಖ್ಯವೆಂದು ತೋರುತ್ತದೆ: ಅನೇಕ ಆಸ್ಪತ್ರೆಗಳ ಮಕ್ಕಳ ವಿವರ ಒಂದೇ ಕಡೆ ಸೇರುತ್ತದೆ. ಯಾವ ಮಗು ಮರುಪರೀಕ್ಷೆಗೆ ಬರಲಿಲ್ಲವೆಂದು ನೋಡಬೇಕಾದವರು ಯಾರೆಂಬ ಗೊಂದಲ ಅಲ್ಲಿ ಹುಟ್ಟುವುದಿಲ್ಲ. ಮರುಪರೀಕ್ಷೆಯನ್ನು ಆರನೆಯ ವಾರದ ಲಸಿಕೆಯ ದಿನಕ್ಕೇ ಹೊಂದಿಸಿದರೆ ತಾಯಿ ಎರಡು ಸಲ ಬರಬೇಕಾಗಿಲ್ಲ. ಇದು ಕೇವಲ ವ್ಯವಹಾರಜ್ಞಾನ.

ಇಷ್ಟು ಹೇಳಿದ ಮೇಲೆ ಮತ್ತೊಂದು ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಹಿಂದೊಮ್ಮೆ ನಮ್ಮ ಕಡೆಯ ಗೃಹಸ್ಥರೊಬ್ಬರು ಮಗುವಿನ ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಕಲನ್ನೂ ಇಟ್ಟುಕೊಳ್ಳಬಾರದೆಂದು ಕೇಳಿದರು. ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದರು. "ಮನೆಯಲ್ಲಿ ಕಿವುಡಿದೆ ಅಂತ ತಿಳಿದರೆ ಯಾರು ಬರ್ತಾರೆ, ಹೇಳಿ" ಎಂದರು. ಅವರ ಭಯವನ್ನು ಮೌಢ್ಯವೆಂದು ನಾನು ತಳ್ಳಿಹಾಕಲಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯಿರುವ ನಮ್ಮಲ್ಲಿ ರಕ್ತಸಂಬಂಧದ ಮದುವೆಯಿಂದ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಆ ಮಾತು ಪರೀಕ್ಷಾ ನಮೂನೆಯಲ್ಲಿ ಒಂದು ಪ್ರಶ್ನೆಯಾಗಿಯೂ ಇರುತ್ತದೆ. ಅದಕ್ಕೆ ಕೊಟ್ಟ ಉತ್ತರವು ಬೀದಿಯ ಮಾತಾದರೆ ಮುಂದಿನ ತಾಯಿ ನಿಜವನ್ನು ಹೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ವಿವರಗಳಿಗೆ ಪಾಲಕರ ಒಪ್ಪಿಗೆಯನ್ನು ವಿಶೇಷವಾಗಿ ಎತ್ತಿ ಹೇಳಿರುವುದು ಸುಮ್ಮನಲ್ಲ. ನನ್ನ ಅಭಿಪ್ರಾಯ ಹೀಗಿದೆ: ಎಷ್ಟು ಮಕ್ಕಳು ಪರೀಕ್ಷೆಗೆ ಬಂದರು, ಎಷ್ಟು ಮಕ್ಕಳು ಮರಳಿ ಬರಲಿಲ್ಲ ಎಂಬ ಲೆಕ್ಕಕ್ಕೆ ಹೆಸರು ಬೇಡ, ಅದು ಎಲ್ಲರ ಕಣ್ಣಿಗೂ ಬೀಳಲಿ. ಹೆಸರಿರುವ ವರದಿಯು ಆ ಮಗುವನ್ನು ಮುಂದೆ ನೋಡಲಿರುವವರ ಕೈಗೆ ಮಾತ್ರ, ತಂದೆತಾಯಿಯರ ಸಹಿಯ ಮೇಲೆ ಹೋಗಲಿ. ಆ ಗೃಹಸ್ಥರಿಗೆ ನಾನು ಇದನ್ನೇ ಹೇಳಿದೆ. ಒಂದು ವಾರದ ಬಳಿಕ ಬಂದು, ತರಬೇತಿ ಕೇಂದ್ರಕ್ಕೆ ಮಾತ್ರ ಎಂದು ಬರೆದು ಸಹಿ ಹಾಕಿದರು.

ವರದಿಯಲ್ಲಿ ಏನೇನಿರಬೇಕು? ಪರೀಕ್ಷೆಗಳು ಯಾವುವು, ಯಾವ ದಿನ ಆದವು, ಯಾವ ಕಿವಿಯಲ್ಲಿ ಎಷ್ಟು ದೋಷ, ಯಾವ ಸಾಧನವನ್ನು ಹಾಕಿದರು, ದಿನಕ್ಕೆ ಎಷ್ಟು ಗಂಟೆ ಹಾಕಿಕೊಳ್ಳುತ್ತದೆ, ಇವೆಲ್ಲ ಸಾಮಾನ್ಯವಾಗಿ ಇರುತ್ತವೆ. ಹೆಚ್ಚಾಗಿ ಬಿಟ್ಟುಹೋಗುವುದು ಮನೆಯ ಭಾಷೆ. ನಮ್ಮವರಿಗೆ ಇದು ಬಹಳ ಮುಖ್ಯ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಇದು ಪೀಳಮೇಡು. "ಮಗುವನ್ನು ಗೊಂದಲಪಡಿಸಬೇಡಿ, ಒಂದೇ ಭಾಷೆಯನ್ನು ಆಡಿ" ಎಂಬ ಹಳೆಯ ಸಲಹೆಯನ್ನು ಕೇಳಿ, ತಮಿಳು ಸರಾಗವಾಗಿ ಬಾರದ ತಾಯಿಯೊಬ್ಬಳು ತನ್ನ ಮಗುವಿನೊಡನೆ ಅರ್ಧಕ್ಕರ್ಧ ಮಾತನ್ನೇ ನಿಲ್ಲಿಸಿದುದನ್ನು ನಾನು ಕಂಡಿದ್ದೇನೆ. ಶ್ರವಣದೋಷವುಳ್ಳ ಮಗು ಎರಡು ಭಾಷೆಗಳನ್ನು ಕಲಿಯಲಾರದೆಂಬ ಮಾತಿಗೆ ಈಗ ಆಧಾರವಿಲ್ಲ. ತಾಯಿ ಯಾವ ಭಾಷೆಯಲ್ಲಿ ಜೋಗುಳ ಹಾಡುತ್ತಾಳೋ, ಯಾವ ಭಾಷೆಯಲ್ಲಿ ಗದರುತ್ತಾಳೋ, ಆ ಭಾಷೆಯಲ್ಲಿಯೇ ಆಡಲಿ. ಮಾತಿನ ಹಾದಿ ಹಿಡಿಸದ ಮಕ್ಕಳಿಗೆ ಸಂಜ್ಞಾಭಾಷೆಯೂ ಪೂರ್ಣವಾದ ಒಂದು ಭಾಷೆಯೇ. ಮೈಸೂರಿನಲ್ಲಿ ಪೂರ್ವಪ್ರಾಥಮಿಕ ತರಬೇತಿಗೆ ತಾಯಂದಿರೂ ಮಕ್ಕಳೊಡನೆ ಕುಳಿತು ಕಲಿಯುವ ಪದ್ಧತಿಯಿರುವುದು ಇದೇ ಕಾರಣದಿಂದ. ದೂರದವರಿಗೆ ಅಲ್ಲಿನವರು ದೂರಸಂಪರ್ಕದ ಮೂಲಕವೂ ತರಬೇತಿ ನೀಡುತ್ತಾರೆ. ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡ ಮನೆಗಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಇಲ್ಲಿಯ ವರದಿ ಅಲ್ಲಿಗೆ ತಲುಪಿದರೆ.

ಆ ಹೆಣ್ಣು ಮಗುವಿನ ವಿಚಾರಕ್ಕೆ ಮರಳುತ್ತೇನೆ. ಮೊದಲು ಶ್ರವಣ ಸಾಧನವನ್ನು ಹಾಕಿದೆವು, ಅದು ಸಾಲಲಿಲ್ಲ. ತಮಿಳುನಾಡು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯಲ್ಲಿ ಎಳೆಯ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಅವಕಾಶವಿದೆ. ಕೇಂದ್ರದ ಆಡಿಪ್ ಯೋಜನೆಯಲ್ಲಿಯೂ ಇದೆ. ಅರ್ಜಿಯೊಡನೆ ಹಳೆಯ ಪರೀಕ್ಷೆಗಳ ವಿವರವನ್ನು ಕೇಳಿದಾಗ ಸೀರೆಯ ಪೆಟ್ಟಿಗೆಯ ಚೀಟಿಯೂ ಕಡತವನ್ನು ಸೇರಿತು. ಎರಡು ವರ್ಷ ನಾಲ್ಕು ತಿಂಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಈಗ ಆಕೆ ಎರಡನೆಯ ತರಗತಿ. ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುತ್ತಾಳೆ, ಗೆಳತಿಯರೊಡನೆ ತಮಿಳಿನಲ್ಲಿ ಆಡುತ್ತಾಳೆ. ಸಕಾರ ಶಕಾರಗಳು ಇನ್ನೂ ಒಂದೇ. ಉದ್ದವಾದ ವಾಕ್ಯದಲ್ಲಿ ನಡುವಿನ ಪದಗಳು ಬಿದ್ದುಹೋಗುತ್ತವೆ. ಆ ಹದಿನೈದು ತಿಂಗಳು ಇದ್ದಿದ್ದರೆ ಎಷ್ಟು ವ್ಯತ್ಯಾಸವಾಗುತ್ತಿತ್ತೆಂದು ತಾಯಿ ಒಮ್ಮೆ ಕೇಳಿದಳು. ನಾನು ಲೆಕ್ಕ ಹೇಳಲಿಲ್ಲ.

ಆಕೆಯ ಎರಡನೆಯ ಹೆರಿಗೆಯೂ ತವರಿನಲ್ಲಿಯೇ ಆಯಿತು. ಈ ಸಲ ಹೊರಡುವ ಮುನ್ನ ಆಕೆ ನನ್ನ ಬಳಿಗೆ ಬಂದು ಒಂದು ಕಾಗದವನ್ನು ಬರೆಸಿಕೊಂಡಳು: ಅಕ್ಕನಿಗೆ ಶ್ರವಣದೋಷವಿದೆ, ಆದ್ದರಿಂದ ಈ ಕೂಸಿಗೆ ಒಂದು ತಿಂಗಳೊಳಗೆ ಪರೀಕ್ಷೆಯಾಗಬೇಕು, ವರದಿಯ ಪ್ರತಿಯನ್ನು ಕೊಯಮತ್ತೂರಿನ ಈ ವಿಳಾಸಕ್ಕೆ ಕಳುಹಿಸಬೇಕು, ಇದಕ್ಕೆ ನನ್ನ ಒಪ್ಪಿಗೆಯಿದೆ ಎಂದು. ಪಿಕ್ಮಿ ಸಂಖ್ಯೆಯನ್ನೂ ಗಂಡನ ಫೋನ್ ನಂಬರನ್ನೂ ತಾನೇ ಕೆಳಗೆ ಬರೆದಳು. ಹತ್ತೊಂಬತ್ತನೆಯ ದಿನ ವರದಿ ನನಗೆ ಬಂದಿತು. ಎರಡೂ ಕಿವಿ ಪಾಸ್.

ಅಂಥ ಕಾಗದದ ನಮೂನೆಯೊಂದನ್ನು ಕನ್ನಡ, ತಮಿಳು ಎರಡರಲ್ಲಿಯೂ ಸಿದ್ಧಪಡಿಸಿ ಶಾಲೆಯ ಕಚೇರಿಯಲ್ಲಿ ಇರಿಸಿದ್ದೇನೆ. ಮನೆಯಲ್ಲಿ ಬಸುರಿಯರು ಇರುವ ಹಳೆಯ ವಿದ್ಯಾರ್ಥಿಗಳು ಬಂದು ಪಡೆದುಕೊಳ್ಳಬಹುದು. ಅದೇ ಹಸಿರು ಬೀರುವಿನ ಎರಡನೆಯ ಅರೆಯಲ್ಲಿದೆ.